ದೀಪಾವಳಿಗೆ ರಜೆಯೋ ಸುಟ್ಟಿಯೋ?

ಡೊಂಬಿವಲಿ ಅಪ್ಪ
ನಿನ್ನೆ ರಾತ್ರಿಯಿಂದ ಮನೆಯಲ್ಲಿ ಒಂದು ತಕರಾರು ನಡೆದಿದೆ, ತಿಳಿದವರು ಬಗೆಹರಿಸಿ. ಮಗಳು ಆರನೇ ಕ್ಲಾಸು. ಮರಾಠಿ ನಿಬಂಧದಲ್ಲಿ 'ದಿವಾಳೀಚೀ ರಜಾ' ಎಂದು ಬರೆದಿದ್ದಾಳೆ. ಟೀಚರ್ ಕೆಂಪು ಪೆನ್ನಿನಲ್ಲಿ 'ರಜಾ' ಹೊಡೆದು ಮೇಲೆ 'ಸುಟ್ಟೀ' ಎಂದು ಬರೆದು ಅರ್ಧ ಮಾರ್ಕು ಕಳೆದಿದ್ದಾರೆ. ಅವಳ ವಾದ: ಮನೆಯಲ್ಲಿ ನಾವು ದೀಪಾವಳಿ ರಜೆ ಅನ್ನುತ್ತೇವೆ, ಅಪ್ಪನ ಆಫೀಸಿನ ಮರಾಠಿ ಫಾರ್ಮಿನ ಮೇಲೂ ರಜಾ ಅಂತಲೇ ಇದೆ, ಹಾಗಾದರೆ ತಪ್ಪೆಲ್ಲಿ? ಹೇಗೆ ವಿವರಿಸಬೇಕೋ ತಿಳಿಯಲಿಲ್ಲ. ಆಮೇಲೆ ಇನ್ನೊಂದು ಕೇಳಿದಳು: "ರಜೆ ನಮ್ಮ ಶಬ್ದವೋ ಅವರದೋ?" ನಾನು ಕುಮಟೆಯವ, ಹುಟ್ಟಿದಾಗಿನಿಂದ ರಜೆ ಅನ್ನುತ್ತಲೇ ಬಂದವ. ನಮ್ಮದೇ ಅಂದುಬಿಟ್ಟೆ. ಸರಿಯೋ?

ಘಾಟ್‌ಕೋಪರ್ ಶಾಸ್ತ್ರಿ
ನಿಸ್ಸಂಶಯವಾಗಿ ನಮ್ಮದೇ. ಸಂಸ್ಕೃತದ ರಜಸ್. ರಜಸ್ವಲೆಯಾದ ಹೆಂಗಸು ಮೂರು ದಿನ ಅಡಿಗೆ ಮನೆಗೆ ಹೋಗುವಂತಿಲ್ಲ, ಯಾವ ಕೆಲಸವನ್ನೂ ಮುಟ್ಟುವಂತಿಲ್ಲ. ಆ ಮೂರು ದಿನದ ಬಿಡುವೇ ರಜೆ. ನಮ್ಮ ಅಜ್ಜಿ ಹೇಳಿದ್ದು.

ಇಡ್ಲಿ ಕೌಂಟರ್, ವಿಲೇಪಾರ್ಲೆ
ಶಾಸ್ತ್ರಿಗಳೇ, ಆ ಮೂರು ದಿನ ನಮ್ಮ ಅಮ್ಮ ಹೊರಗೆ ಕೂತೇ ಭತ್ತ ಕೇರುತ್ತಿದ್ದರು, ತೆಂಗಿನ ಗರಿ ಸೀಳಿ ಹಿಡಿಸೂಡಿ ಕಟ್ಟುತ್ತಿದ್ದರು. ರಜೆ ಎಂತದು ಮಾರಾಯ್ರೆ!

ಪುಣೆ ಅಕ್ಕ
ಶಾಸ್ತ್ರಿಗಳ ಅಜ್ಜಿಯವರಿಗೆ ನಮಸ್ಕಾರ, ಆದರ ಈ ವ್ಯುತ್ಪತ್ತಿ ನಿಲ್ಲೂದಿಲ್ಲ. ನಾ ಧಾರವಾಡದಾಕಿ. ಪುಣ್ಯಾದಾಗ ಇಪ್ಪತ್ತು ವರ್ಷದಿಂದ ಮರಾಠಿ-ಕನ್ನಡ ಅನುವಾದಾ ಮಾಡಿ ಹೊಟ್ಟಿ ತುಂಬಿಸ್ಕೋತೀನಿ, ಅದಕ್ಕ ಈ ಎರಡೂ ಶಬ್ದ ದಿನಾ ಕೈಯಾಗ ಬರ್ತಾವ.

ರಜಸ್ ಅನ್ನೂದು ಸಮಾಸದಾಗ ಏನಾಗ್ತದ ನೋಡ್ರಿ: ರಜೋಗುಣ, ರಜೋದರ್ಶನ. ರಜೆ ಅದರಿಂದ ಬಂದಿದ್ದರ 'ರಜೋದಿನ' ಆಗಬೇಕಿತ್ತು. ನಾವು ಅನ್ನೂದು ರಜಾದಿನ, ರಜಾ ಚೀಟಿ. ಈ 'ಆ' ಎಲ್ಲಿಂದ ಬಂತು? ಜಿಲ್ಲೆ ಅಂತೀವಿ, ಆದರ ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯತಿ. ಮೂಲದಾಗ ಅದು ಜಿಲ್ಲಾ, ಕನ್ನಡ ಬಾಯಾಗ ತುದಿಗೆ ಎಕಾರ ಹತ್ತಿ ಜಿಲ್ಲೆ ಆತು. ದರ್ಜಾ ದರ್ಜೆ ಆತು, ಸಜಾ ಸಜೆ ಆತು, ಖಜಾನಾ ಖಜಾನೆ ಆತು. ರಜಾ ರಜೆ ಆತು. ಇವೆಲ್ಲಾ ಒಂದ ದಾರಿಯಿಂದ ಬಂದ ನೆಂಟರು. ಅರಬ್ಬಿಯ 'ರಿದಾ' ಅಂದ್ರ ಸಮ್ಮತಿ, ಒಪ್ಪಿಗಿ, ಸಂತೋಷ. ಅದರೊಳಗಿನ ಅಕ್ಷರಾನ ಅರಬರು ಭಾರೀ ದಕಾರದಂಗ ಅಂತಾರ, ಪಾರಸಿಯವರು ಝಕಾರದಂಗ ಅಂತಾರ. ಹಿಂದೂಸ್ತಾನಕ್ಕ ಬಂದಿದ್ದು ಪಾರಸಿ ಉಚ್ಚಾರ. ಅದಕ್ಕ ರಜಾ.

ಟೀಚರ್ ಹೊಡದಿದ್ದು ಸರಿ. ಮರಾಠಿಯೊಳಗ ರಜಾ ಬ್ಯಾರೆ, ಸುಟ್ಟಿ ಬ್ಯಾರೆ. ರಜಾ ಅಂದ್ರ ನೀವು ಅರ್ಜಿ ಕೊಟ್ಟು, ಮ್ಯಾಲಿನವರು ಹೂಂ ಅಂದಮ್ಯಾಲೆ ಸಿಗೂದು. ಸುಟ್ಟಿ ಅಂದ್ರ ಎಲ್ಲಾರಿಗೂ ತಾನಾಗಿ ಇರೂದು. ದೀಪಾವಳಿಗೆ ಯಾರೂ ಅರ್ಜಿ ಹಾಕೂದಿಲ್ಲಲ್ಲ?

ಡೊಂಬಿವಲಿ ಅಪ್ಪ
ರಜೋಗುಣ, ರಜಾದಿನ. ಅಕ್ಕ, ಇದೊಂದೇ ಸಾಕಿತ್ತು.

ಘಾಟ್‌ಕೋಪರ್ ಶಾಸ್ತ್ರಿ
ರಜೋ-ರಜಾ ವಾದ ಒಪ್ಪಿದೆ. ಬೇರೆ ಯಾರಾದರೂ ಹೇಳಿದ್ದರೆ ಇಷ್ಟು ಬೇಗ ಒಪ್ಪುತ್ತಿರಲಿಲ್ಲ. ಆದರೆ ನಮ್ಮಲ್ಲಿ ರಜೆಯೇ ಇರಲಿಲ್ಲ ಎಂದು ಯಾರೂ ತಿಳಿಯಬೇಡಿ. ಪಾಠಶಾಲೆಗೆ 'ಅನಧ್ಯಾಯ' ಇತ್ತು. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ, ಪಾಡ್ಯ. ಮನುಸ್ಮೃತಿಯ ನಾಲ್ಕನೇ ಅಧ್ಯಾಯದಲ್ಲಿ ಉದ್ದ ಪಟ್ಟಿಯೇ ಇದೆ. ಗುಡುಗು ಮಿಂಚಿದ್ದರೆ ಅನಧ್ಯಾಯ, ಧೂಳಿನ ಗಾಳಿ ಎದ್ದರೆ ಅನಧ್ಯಾಯ, ನರಿ ಊಳಿಟ್ಟರೂ ಅನಧ್ಯಾಯ.

ಇಡ್ಲಿ ಕೌಂಟರ್, ವಿಲೇಪಾರ್ಲೆ
ನರಿ ಕೂಗಿದರೆ ರಜೆ! ನಮ್ಮ ಹುಡುಗರಿಗೆ ಇದು ಗೊತ್ತಾಗುವುದು ಬೇಡ. ಆರೇ ಕಾಲನಿಗೆ ಹೋಗಿ ನರಿ ಹುಡುಕಿಯಾರು.

ಠಾಣೆ ರಿಟೈರ್ಡ್
ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ರಜೆಯ ರಿಜಿಸ್ಟರ್ ಬರೆದವ ನಾನು, ಹಾಗಾಗಿ ಎರಡು ಮಾತು. ಪುಣೆಯ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಮರಾಠಿ ಸರ್ಕ್ಯುಲರಿನಲ್ಲಿ ಕ್ಯಾಶುವಲ್ ಲೀವ್ ಅಂದರೆ 'ನೈಮಿತ್ತಿಕ ರಜಾ', ಗಳಿಸಿದ್ದು 'ಅರ್ಜಿತ ರಜಾ'. ಗಣೇಶ ಚತುರ್ಥಿಗೆ ಮಾತ್ರ 'ಸಾರ್ವಜನಿಕ ಸುಟ್ಟೀ'. ಒಂದು ದಿನವೂ ಇದು ಅದಾದದ್ದಿಲ್ಲ. ಊರಿನ ಕಾಗದ ನೋಡಿದರೆ ಸಾಂದರ್ಭಿಕ ರಜೆ, ಗಳಿಕೆ ರಜೆ, ಸಾರ್ವತ್ರಿಕ ರಜೆ. ಎಲ್ಲವೂ ರಜೆ. ಕೇಳಿ ತಗೊಂಡದ್ದೂ ರಜೆ, ಕೇಳದೆ ಸಿಕ್ಕಿದ್ದೂ ರಜೆ.

ರಜೆಗೆ ಒಬ್ಬ ಅಕ್ಕ ಇದ್ದಾಳೆ, ನೆನಪಿದೆಯಾ? ರಾಜಿ. ಕೋರ್ಟಿನಲ್ಲಿ ರಾಜಿ ಆಗುವುದು, ಪಂಚಾಯ್ತಿಯಲ್ಲಿ ರಾಜಿ ಮಾಡುವುದು. ಅದೇ ಧಾತು, ಒಪ್ಪಿದವ ರಾಜಿ. ಮತ್ತೆ ತಮ್ಮ ರಾಜೀನಾಮೆ. ನಮ್ಮ ಶಾಖೆಯಲ್ಲಿ ಒಬ್ಬ ಹುಡುಗ ತಂಗಿ ಮದುವೆಗೆ ಹತ್ತು ದಿನ ಕೇಳಿದ. ಮ್ಯಾನೇಜರ್ ನಾಲ್ಕು ದಿನ ಅಂದರು. ಅವನು ಮರು ಮಾತಾಡದೆ ಒಂದು ಹಾಳೆ ತಗೊಂಡು ಅಲ್ಲೇ ನಿಂತು ರಾಜೀನಾಮೆ ಬರೆದುಕೊಟ್ಟ. ರಜೆಗೆ ರಾಜಿ ಆಗದ್ದಕ್ಕೆ ರಾಜೀನಾಮೆ. ಒಂದೇ ಮನೆಯ ಮೂರು ಮಕ್ಕಳು ಒಂದೇ ಮೇಜಿನ ಮೇಲೆ. ಆಗ ಇದು ಹೊಳೆದಿರಲಿಲ್ಲ, ಈಗ ಬರೆಯುತ್ತಾ ಹೊಳೆಯಿತು.

ಚಿಂಚ್‌ವಡ್ ಟೆಕ್ಕಿ
ರಾಜೀನಾಮೆ ಅಂದ್ರೆ ಒಪ್ಪಿಗೆ ಪತ್ರ ಅಂತಾದ್ರೆ ಕೆಲಸ ಬಿಡೋದಕ್ಕೆ ಆ ಹೆಸರು ಹೇಗೆ ಬಂತು? ನಮ್ಮ ಟೀಮಿನ ಲಖನೌ ಹುಡುಗನಿಗೆ ನಾನು "ಉಸ್ನೇ ರಾಜೀನಾಮಾ ದಿಯಾ" ಅಂದೆ. ಅವನು "ಅಚ್ಛಾ, ಝಗಡಾ ಖತಂ?" ಅಂದ. ಅವರಿಗೆ ಕೆಲಸ ಬಿಡೋದು ಇಸ್ತೀಫಾ, ರಾಜೀನಾಮಾ ಅಂದ್ರೆ ಜಗಳ ಮುಗಿಸಿದ ಕಾಗದ.

ಪುಣೆ ಅಕ್ಕ
ತಮ್ಮಾ, ಅದರ ನಡುವಿನ ಮೆಟ್ಟಿಲ ನಮ್ಮ ಮುಂಬಯಿ ಪ್ರಾಂತದ ಜಮೀನ ಕಾಗದದಾಗ ಅದ. ರೈತ ತನ್ನ ಹೊಲದ ಹಕ್ಕ ಬಿಟ್ಟುಕೊಡೂ ಮುಂದ ಸರಕಾರಕ್ಕ ಬರಕೊಡೂದು ರಾಜೀನಾಮೆ. ಆ ಹೊಲಾ ಹಿಡಿಯಾಂವ ಬರಕೊಡೂದು ಕಬೂಲಾಯತ. ನಮ್ಮ ಮುತ್ಯಾನ ಪೆಟಗಿಯೊಳಗ ಎರಡೂ ಇದ್ದವು, ಒಂದ ದಾರದಾಗ ಕಟ್ಟಿದ್ದವು. 'ನಾ ನನ್ನ ಖುಷಿಲೇ ಬಿಟ್ಟೀನಿ' ಅಂತ ಒಪ್ಪಿ ಬರದದ್ದು. ಹೊಲಾ ಬಿಡೂದಕ್ಕ ಇದ್ದದ್ದು ನೌಕರಿ ಬಿಡೂದಕ್ಕೂ ಬಂತು. ಲಖನೌದಾಂವಗ ಈ ಮೆಟ್ಟಿಲ ಇಲ್ಲ, ಅದಕ್ಕ ಅವಂಗ ತಿಳೀಲಿಲ್ಲ.

ಕಲಬುರಗಿ ಹುಡುಗ, ವಾಶಿ
ಅಕ್ಕಾರ, ನಮ್ಮ ಕಡಿ ಇದರದು ಇನ್ನೊಬ್ಬ ತಮ್ಮ ಇದ್ದಾನ್ರಿ, ಅವನ ಹೆಸರ ಯಾರೂ ತಗೀಲಿಲ್ಲ. ರಜಾಕಾರ. ರಜಾ ಅಂದ್ರ ತನ್ನ ಇಚ್ಛಾ, ಕಾರ ಅಂದ್ರ ಮಾಡಾಂವ. ತನ್ನ ಖುಷಿಲೆ ಕೆಲಸಕ್ಕ ನಿಂತಾಂವ, ಅಂದ್ರ ಸ್ವಯಂಸೇವಕ. ಶಬ್ದ ಎಷ್ಟು ಚಂದ ಅದ ನೋಡ್ರಿ. ಆದರ ನಿಜಾಮರ ಪರ ನಿಂತು ಮಂದಿನ್ನ ಕಾಡಿದ ದಂಡಿಗೆ ಆ ಹೆಸರ ಇತ್ತು, ಅದಕ್ಕ ನಮ್ಮ ಊರಾಗ ಈಗೂ ಅದನ್ನ ಸಣ್ಣ ದನಿಲೇ ಅಂತಾರ. ನಮ್ಮಮ್ಮ ಸಣ್ಣಾಕಿ ಇದ್ದಾಗ ಎರಡು ರಾತ್ರಿ ಜೋಳದ ಹೊಲದಾಗ ಅಡಗಿ ಕುಂತಿದ್ದಳಂತ. 1948ರ ಸಪ್ಟೆಂಬರ್ 13ಕ್ಕ ಭಾರತದ ಮಿಲಿಟರಿ ಬಂತು, 17ಕ್ಕ ಮುಗೀತು. ಇದನ್ನ ಹೇಳೂ ಮುಂದ ಆಕಿ ಸೆರಗ ಬಾಯಿಗೆ ಒತ್ತಿ ಹಿಡೀತಿದ್ದಳು, ಯಾರರೆ ಕೇಳ್ಯಾರು ಅನ್ನೂವಂಗ.

ಇನ್ನೊಂದು. ನಮ್ಮ ಮುತ್ಯಾ ಸಾಲಿ ಮಾಸ್ತರ ಇದ್ದ, ನಿಜಾಮರ ಕಾಲದಾಗ ಉರ್ದುದಾಗ ಕಲತಾಂವ. ಆಂವ ಹಬ್ಬದ ಸೂಟಿಗಿ 'ತಾತೀಲ್' ಅಂತಿದ್ದ, ತಾ ತಗೊಳ್ಳೂ ರಜಾಕ್ಕ 'ರುಖಸತ್' ಅಂತಿದ್ದ. ರಜಾ ಅಂತ ಒಮ್ಮಿನೂ ಅಂದಿಲ್ಲ.

ಪುಣೆ ಅಕ್ಕ
ನೀ ಈಗ ಭಾಳ ದೊಡ್ಡ ಸಾಕ್ಷಿ ಕೊಟ್ಟಿ, ನಿನಗ ಗೊತ್ತಿಲ್ಲ. ರಜಾ ಉರ್ದುವಿಂದ ಸೀದಾ ಕನ್ನಡಕ್ಕ ಬಂತು ಅಂತ ಭಾಳ ಮಂದಿ ತಿಳಕೊಂಡಾರ. ಹಂಗಾಗಿದ್ದರ ಉರ್ದು ಕಚೇರಿ ಇದ್ದ ಕಲಬುರಗಿಯೊಳಗ ಅದು ಎಲ್ಲಾಕಿಂತ ಜೋರ ಇರಬೇಕಿತ್ತು. ಅಲ್ಲಿ ತಾತೀಲ್, ರುಖಸತ್. ಹಿಂದಿಯವರಿಗೂ ರಜಾ ಅಂದ್ರ ಬರೇ ಮರ್ಜಿ, ಸಮ್ಮತಿ, 'ರಜಾಮಂದಿ' ಅಂತಾರಲ್ಲ ಅದು. ಆಫೀಸಿಗೆ ಹೋಗದ ಇರೂದಕ್ಕ ರಜಾ ಅನ್ನಾವರು ಯಾರು? ಮರಾಠಿಯವರು, ಗುಜರಾತಿಯವರು, ನಾವು. ಅರ್ಥ ಹೊಳ್ಳಿದ್ದು ಈ ಪಡುವಣ ಪಟ್ಟಿಯೊಳಗ. ಮರಾಠಿಯ ಹಳೇ ಮೋಡಿ ಲಿಪಿ ಬರಿಯೂ ಕಾರಕೂನರ ಕೈಯಿಂದ ಕನ್ನಡಕ್ಕ ಬಂತು ಅಂತ ನನ್ನ ಅಂದಾಜ.

ಮಾಟುಂಗಾ ಮೈಸೂರಿಗ
ಅಕ್ಕ, ಮೈಸೂರಿನಲ್ಲೂ ನಾವು ದಸರಾ ರಜಾ ಅಂತಲೇ ಅಂದವರು. ನಮಗೆ ಮರಾಠಿ ಎಲ್ಲಿಂದ ಬಂತು? ಹೈದರ್, ಟಿಪ್ಪು ಕಾಲದ ಪಾರ್ಸಿ ದಫ್ತರು ಇತ್ತಲ್ಲ.

ಪುಣೆ ಅಕ್ಕ
ಇತ್ತು, ಇಲ್ಲ ಅನ್ನೂದಿಲ್ಲ. ಆದರ ಟಿಪ್ಪೂನ ಕಾಲಕ್ಕ ಲೆಕ್ಕಾ-ಖಜಾನೆ ನೋಡಿ ಆಮ್ಯಾಲೆ ದಿವಾನ ಆದಾಂವ ಪೂರ್ಣಯ್ಯ, ಆ ದಫ್ತರದಾಗ ಮರಾಠಿ ಲೆಕ್ಕಾ ಬರಿಯಾವರೂ ಇದ್ದರು. ಲೆಕ್ಕದ ಪುಸ್ತಕಾ ಬರಿಯಾವರು ಯಾವ ಭಾಷಾದಾಗ ಬರೀತಾರೋ ಆ ಭಾಷಾದ ಶಬ್ದ ಉಳೀತಾವ. ರಾಜ ಯಾರರೆ ಇರವಲ್ಲರಾಕ.

ಮಾಟುಂಗಾ ಮೈಸೂರಿಗ
ಪೂರ್ಣಯ್ಯನವರೊಬ್ಬರು ರಜೆ ತಂದರು ಅನ್ನೋದು ಸ್ವಲ್ಪ ಎಳೆದಾಟವಾಯ್ತು. ಎರಡು ಬಾಗಿಲಿಂದಲೂ ಬಂದಿರಬಹುದು ಅಂತ ನನ್ನ ಮಾತು, ಇರಲಿ.

ಸಾಂತಾಕ್ರೂಜ್ ಗುಜ್ಜು ನೆರೆ
ಗುಜರಾತಿ ಅಂದಿರಲ್ಲ, ಅದನ್ನು ದಿನವೂ ಕೇಳುವವಳು ನಾನು. ನಮ್ಮ ಬಿಲ್ಡಿಂಗಿನಲ್ಲಿ ಹತ್ತರಲ್ಲಿ ಎಂಟು ಮನೆ ಗುಜರಾತಿ. ಪಕ್ಕದ ಮನೆಯ ಬಾ ನಮ್ಮಲ್ಲಿಗೆ ಬಂದು ಚಾ ಕುಡಿದು ಏಳುವಾಗ "ರಜಾ ಆಪೋ" ಅನ್ನುತ್ತಾರೆ. ನಾವು 'ಹೋಗಿ ಬರ್ತೇನೆ' ಅಂದಂತೆ. ಕಳೆದ ತಿಂಗಳು ಅವರ ಯಜಮಾನರಿಗೆ ಆಪರೇಷನ್ ಆಗಿ ಆಸ್ಪತ್ರೆಯಿಂದ ಬಿಟ್ಟಾಗ "ದವಾಖಾನಾ ಮಾಥೀ ರಜಾ ಆಪೀ" ಅಂದರು. ನಾನು ಡಾಕ್ಟರಿಗೆ ರಜೆ ಅಂತ ತಿಳಿದು, ಹಾಗಾದರೆ ಇವರನ್ನು ನೋಡುವವರು ಯಾರು ಅಂತ ಗಾಬರಿಯಾದೆ! ಮನೆಗೆ ಹೋಗಲು ಅನುಮತಿ ಸಿಕ್ಕಿತು ಅಂತ ಅರ್ಥ. ಡಿಸ್ಚಾರ್ಜು.

ಠಾಣೆ ರಿಟೈರ್ಡ್
ಹಾಗೆ ನೋಡಿದರೆ ಇಂಗ್ಲಿಷಿನ ಲೀವ್ ಕೂಡ ಅದೇ. ಅದರ ಹಳೆಯ ಅರ್ಥ ಅನುಮತಿ. 'ಬಿಟ್ಟು ಹೋಗು' ಅನ್ನುವ ಲೀವ್ ಬೇರೆಯೇ ಶಬ್ದ, ಉಚ್ಚಾರ ಒಂದಾಗಿ ಕೂತಿದೆ. ತೆಲುಗಿನ 'ಸೆಲವು' ಕೂಡ ಅಪ್ಪಣೆಯೇ, ಹೊರಡುವಾಗಲೂ ಸೆಲವು, ಶಾಲೆ ಇಲ್ಲದಿದ್ದರೂ ಸೆಲವು. ನಮ್ಮ ಪಕ್ಕದ ಕ್ಯಾಬಿನಿನ ಕೇರಳದವ ಮಾತ್ರ 'ಅವಧಿ' ಅನ್ನುತ್ತಿದ್ದ. ನಮಗೆ ಅವಧಿ ಅಂದರೆ ಗಡುವು, ಅವನಿಗೆ ರಜೆ. ಲೋನಿನ ಅವಧಿ ಮುಗಿದರೆ ನಮಗೆ ತಲೆನೋವು, ಅವನ ಕಿವಿಗೆ ರಜೆ ಮುಗಿದಂತೆ. ಎರಡೂ ತಲೆನೋವೇ ಅನ್ನಿ.

ಅಚ್ಚಗನ್ನಡಿಗ
ಇಷ್ಟೆಲ್ಲ ಅರಬ್ಬಿ ಪಾರ್ಸಿ ಸುತ್ತಾಟ ಯಾಕೆ? ನಮಗೆ ನಮ್ಮದೇ ಸೊಗಸಾದ ಅಚ್ಚಗನ್ನಡ ಪದಗಳಿವೆ. ಬಿಡುವು ಇದೆ, ಪುರುಸೊತ್ತು ಇದೆ. ರಜೆ ಬಿಟ್ಟು ಇವನ್ನೇ ಬಳಸಿ.

ಪುಣೆ ಅಕ್ಕ
ಬಿಡುವು ಖರೇನ ನಮ್ಮದು, ಕೈ ಮುಗೀತೀನಿ. ಪುರುಸೊತ್ತು ಮಾತ್ರ ಫುರಸತ್. ಅದೂ ಅರಬ್ಬಿನ.

ಅಚ್ಚಗನ್ನಡಿಗ
ಪುರುಸು + ಹೊತ್ತು ಅಲ್ಲವೇ? ಹೊತ್ತು ಎಂದರೆ ಸಮಯ.

ಚಿಂಚ್‌ವಡ್ ಟೆಕ್ಕಿ
ಹಾಗಾದ್ರೆ ಪುರುಸು ಅಂದ್ರೆ ಏನು ಸರ್?

ಅಚ್ಚಗನ್ನಡಿಗ
ನೋಡಿ ಹೇಳುತ್ತೇನೆ.

ಇಡ್ಲಿ ಕೌಂಟರ್, ವಿಲೇಪಾರ್ಲೆ
ಪುರುಸೊತ್ತಿನಲ್ಲಿ ಹೇಳಿ.

ಬದಿಯಡ್ಕ ಭಾವ, ಮೀರಾರೋಡ್
ನಮ್ಮ ಹವ್ಯಕರಲ್ಲಿ 'ರಜ್ಜ' ಅಂದರೆ ಸ್ವಲ್ಪ. ರಜ್ಜ ಕಾಪಿ ಕೊಡು, ರಜ್ಜ ಕೂರು. ಮುಂಬಯಿಗೆ ಬಂದಮೇಲೆ ತಿಳಿಯಿತು, ನಮಗೆ ಸಿಗುವ ರಜೆಗೂ ಸರಿಯಾದ ಶಬ್ದ ಅದುವೇ. ಶಾಸ್ತ್ರಿಗಳ ರಜಸ್ಸು, ಧೂಳಿನ ಕಣ, ಬೇಕಿದ್ದರೆ ಇದಕ್ಕೆ ಹೊಂದೀತು.

ಘಾಟ್‌ಕೋಪರ್ ಶಾಸ್ತ್ರಿ
ಸಂತೋಷ. ಒಂದು ಕಣವಾದರೂ ದಕ್ಕಿತು.

ಡೊಂಬಿವಲಿ ಅಪ್ಪ
ಅಕ್ಕ, ಸುಟ್ಟಿ ಹೇಳಲಿಲ್ಲ ನೀವು. ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ನಮ್ಮ ಕಡೆಗೂ ಹುಬ್ಬಳ್ಳಿಯಿಂದ ಬಂದ ಮಾಸ್ತರರು ಸೂಟಿ ಅನ್ನುತ್ತಿದ್ದರು. ಅದೇ ತಾನೇ?

ಪುಣೆ ಅಕ್ಕ
ಅದ. ನಾವು ಧಾರವಾಡದಾಗ ದೀರ್ಘಾ ಎಳೀತೀವಿ, ಸೂಟಿ. 'ಸಾಲಿ ಸೂಟಿ ಬಿಟ್ಟದ', 'ಬ್ಯಾಸಗಿ ಸೂಟಿ'. ಮರಾಠಿ 'ಸುಟಣೆ' ಅಂದ್ರ ಬಿಡುಗಡೆ ಆಗೂದು, ಕಳಚೂದು. ಹಿಂದಿ ಛುಟ್ಟಿನೂ ಅದರದ ಅವಳಿ. ಹಿಂದಿಯೊಳಗ ಛ ಇದ್ದಲ್ಲಿ ಮರಾಠಿಯೊಳಗ ಸ ಬರೂದು ಒಂದ ಹಳೀ ಚಾಳಿ. ಛಾಲ್ ಅಂದ್ರ ತೊಗಟಿ, ಮರಾಠಿ ಸಾಲ. ಛುರೀ ಸುರೀ ಆಗ್ತದ. ಮಛಲೀ ಮಾಸಾ ಆಗ್ತದ. ಛುಟ್ಟೀ ಸುಟ್ಟೀ.

ಪುಟ್ಟೀ, ನೀ ಓದಾಕತ್ತೀದಿ ಅಂದ್ರ ಒಂದ ಆಟ ಹೇಳ್ತೀನಿ. ನಾಳೆ ಅಪ್ಪನ ಜೋಡಿ ಬಜಾರಕ್ಕ ಹೋದಾಗ ಸೀರಿ ಅಂಗಡಿ ಬೋರ್ಡ ಓದು. ಇಲ್ಲಿ ಲಕ್ಷ್ಮೀ ರೋಡಿನಾಗ ಆಷಾಢದಾಗ ಎಲ್ಲಾ ಕಡಿ ಒಂದ ಕಾಗದದ ಮ್ಯಾಲೆ '50% ಸೂಟ್' ಅಂತ ಮರಾಠಿ, ಬಾಜೂಕ 'ಛೂಟ್' ಅಂತ ಹಿಂದಿ. ರೊಕ್ಕದಾಗ ಬಿಟ್ಟದ್ದು ಸೂಟ್. ಸಾಲಿಯಿಂದ ಬಿಟ್ಟದ್ದು ಸುಟ್ಟಿ. ಇನ್ನ ಬಸ್ಸಿನ ಕಂಡಕ್ಟರ ಏನಂತಾನ? "ಸುಟ್ಟೇ ದ್ಯಾ." ಕಟ್ಟಿನಿಂದ ಬಿಡಿಸಿದ್ದು, ಅಂದ್ರ ಚಿಲ್ಲರ. ಮೂರೂ ಒಂದ.

ಸಾಂತಾಕ್ರೂಜ್ ಗುಜ್ಜು ನೆರೆ
ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ 'ಸುಟ್ಟೇ ದ್ಯಾ' ಕೇಳಿಸಿಕೊಂಡಿದ್ದೇನೆ. ಚಿಲ್ಲರೆಗೂ ರಜೆಗೂ ಸಂಬಂಧ ಇದೆ ಅಂತ ಇವತ್ತು ತಿಳಿಯಿತು.

ವಾಸ್ಕೊ ಪೋರ
ಗೋವಾದಾಗ ಕೊಂಕಣಿಯವರೂ ಸುಟಿ ಅಂತಾರ್ರಿ. ಆದರ ಇಲ್ಲಿ ಸುಟಿ ಬೇಕಾಗೂದ ಇಲ್ಲ, ಮಧ್ಯಾಹ್ನ ಒಂದಕ್ಕ ಅಂಗಡಿ ಬಾಗಲಾ ಹಾಕ್ಯಾರಂದ್ರ ನಾಕಕ್ಕ ತಗೀತಾರ. ಸುಶೆಗಾದ್! ಪೋರ್ತುಗೀಸರು 'ಸೊಸೆಗಾದೊ' ಅಂತ ಬಿಟ್ಟು ಹೋದ ಶಬ್ದ, ನಿರಾಳ ಅಂತ ಅರ್ಥ. ಬಂದರದಾಗ ಲೋಡಿಂಗ್ ಮಾಡೂ ನಮ್ಮ ಗದಗ-ಕೊಪ್ಪಳ ಮಂದಿಗೆ ಮಾತ್ರ ಸುಶೆಗಾದೂ ಇಲ್ಲ, ಸುಟೀನೂ ಇಲ್ಲ. ಹೋದ ದಿನಕ್ಕ ಪಗಾರ.

ಇಡ್ಲಿ ಕೌಂಟರ್, ವಿಲೇಪಾರ್ಲೆ
ನೀವು ಪಗಾರ ಅಂದದ್ದು ಒಳ್ಳೆದಾಯ್ತು. ಇಷ್ಟು ಹೊತ್ತು ಎಲ್ಲರೂ ಸಂಬಳ ಸಮೇತ ಸಿಗುವ ರಜೆಯ ಮಾತೇ ಆಡಿದ್ದು. ಮುಂಬಯಿಯಲ್ಲಿ ಇನ್ನೊಂದು ಶಬ್ದ ಉಂಟು, ಖಾಡಾ. ನಮ್ಮಲ್ಲಿ ಪಾತ್ರೆ ತೊಳೆಯುವ ಮೌಶಿ ಬರದ ದಿನ ಖಾಡಾ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಒಂದು ಗೀಟು, ತಿಂಗಳ ಕೊನೆಗೆ ಗೀಟು ಎಣಿಸಿ ಹಣ ಕಡಿತ. ರಜಾ ಅಂದರೆ ಸಾಹೇಬರದ್ದು, ಸುಟ್ಟಿ ಅಂದರೆ ಶಾಲೆ ಮಕ್ಕಳದ್ದು, ಖಾಡಾ ಅಂದರೆ ಮೌಶಿಯದ್ದು. ಒಂದೇ ಮಂಗಳವಾರ ಮೂವರೂ ಮನೆಯಲ್ಲಿದ್ದರೂ ಮೂರು ಹೆಸರು.

ನಾನು ಊರು ಬಿಟ್ಟು ಬಂದದ್ದು ಹದಿಮೂರನೇ ವಯಸ್ಸಿಗೆ, ಫೋರ್ಟಿನ ಒಂದು ಹೋಟೆಲಿಗೆ. ಬೆಳಿಗ್ಗೆ ನಾಲ್ಕೂವರೆಗೆ ಹಿಟ್ಟು ಬೆರೆಸುವುದು, ರಾತ್ರಿ ಏಳಕ್ಕೆ ಕನ್ನಡ ರಾತ್ರಿಶಾಲೆ. ಮಾಸ್ತರ್ರು ಬೋರ್ಡಿನ ಮೇಲೆ 'ನಾಳೆ ರಜೆ' ಅಂತ ಬರೆದರೆ ನಮಗೆಲ್ಲ ಬೇಜಾರು. ಶಾಲೆಗೆ ರಜೆಯಾದರೆ ಆ ಎರಡು ಗಂಟೆಯೂ ಗಲ್ಲಾದ ಹಿಂದೆ ಕಪ್ಪು ತೊಳೆಯಬೇಕು. ರಜೆ ಬೇಡ ಅಂತ ಅತ್ತ ಮಕ್ಕಳನ್ನು ನೀವು ಕಂಡಿರಲಿಕ್ಕಿಲ್ಲ.

ಠಾಣೆ ರಿಟೈರ್ಡ್
ನಾನೂ ರಾತ್ರಿಶಾಲೆಯವನೇ. ಗೊತ್ತುಂಟು.

ಚಿಂಚ್‌ವಡ್ ಟೆಕ್ಕಿ
ಅಕ್ಕ, ಹಾಗಾದ್ರೆ ಕನ್ನಡ ದಡ್ಡತನ ಮಾಡ್ತು ಅಂತಾಯ್ತಲ್ಲ? ಮರಾಠಿಯಲ್ಲಿ ಎರಡು ಅಚ್ಚುಕಟ್ಟಾಗಿ ಬೇರೆ ಇವೆ. ನಾವು ಒಂದೇ ಡಬ್ಬಿಯಲ್ಲಿ ಎರಡನ್ನೂ ತುಂಬಿದ್ವಿ. ಕೇಳದೇ ಸಿಗೋ ಭಾನುವಾರಕ್ಕೂ 'ಅನುಮತಿ' ಅಂತ ಹೆಸರಿಟ್ಟಿದ್ದೀವಿ. ಗುಲಾಮರ ಭಾಷೆ ಥರ ಇದೆ.

ಪುಣೆ ಅಕ್ಕ
ದಡ್ಡತನ ಅನ್ನೂದಿಲ್ಲ, ಆದರ ಕಳಕೊಂಡೀವಿ ಅಂತ ನನಗೂ ಅನಸ್ತದ. ಉತ್ತರ ಕರ್ನಾಟಕದವರು ಸೂಟಿ-ರಜಾ ಬ್ಯಾರೆ ಇಟ್ಟಿದ್ದರು. ಪಠ್ಯಪುಸ್ತಕ ಬಂದು ಸೂಟಿ 'ಗ್ರಾಮ್ಯ' ಆತು. ಈಗ ನನ್ನ ತಮ್ಮನ ಮಕ್ಕಳೂ ಬ್ಯಾಸಗಿ ರಜೆ ಅಂತಾರ. ಅನುವಾದದಾಗ ನನಗ ದಿನಾ ಕಾಡ್ತದ: ಮರಾಠಿಯಾಗ 'ಇದು ಸುಟ್ಟಿ, ರಜಾ ಅಲ್ಲ' ಅಂತ ಒಂದ ಸಾಲ ಬಂದರ ಕನ್ನಡದಾಗ ಏನ ಬರೀಲಿ? 'ಇದು ರಜೆ, ರಜೆ ಅಲ್ಲ'?

ಠಾಣೆ ರಿಟೈರ್ಡ್
ಇಲ್ಲಿ ಮಾತ್ರ ನನ್ನ ತಕರಾರು ಉಂಟು ಅಕ್ಕ. ಕನ್ನಡ ಕಳಕೊಂಡಿಲ್ಲ, ನಾಮಪದದಿಂದ ತೆಗೆದು ಕ್ರಿಯಾಪದದಲ್ಲಿ ಇಟ್ಟಿದೆ. 'ನಾಳೆ ರಜೆ ಇದೆ' ಅಂದರೆ ನಿಮ್ಮ ಸುಟ್ಟಿ, ಯಾರನ್ನೂ ಕೇಳಬೇಕಿಲ್ಲ. 'ನಾಳೆ ರಜೆ ಹಾಕಿದ್ದೇನೆ' ಅಂದರೆ ನಿಮ್ಮ ರಜಾ, ಅರ್ಜಿ ಹೋಗಿದೆ. ಇದುವರೆಗೆ ಯಾರಾದರೂ 'ಗಣರಾಜ್ಯೋತ್ಸವಕ್ಕೆ ರಜೆ ಹಾಕಿದೆ' ಅಂದದ್ದು ಕೇಳಿದ್ದೀರಾ? ಇಲ್ಲ. ಕನ್ನಡದವನಿಗೆ ಗೊಂದಲ ಆಗುವುದೇ ಇಲ್ಲ. ನಿಮ್ಮ ಆ ಸಾಲಿಗೆ 'ಇದು ಇದ್ದ ರಜೆ, ಹಾಕಿದ ರಜೆ ಅಲ್ಲ' ಅಂತ ಬರೆಯಿರಿ.

ಪುಣೆ ಅಕ್ಕ
'ಇದ್ದ ರಜೆ, ಹಾಕಿದ ರಜೆ.' ತಡೀರಿ, ಬರಕೋತೀನಿ. ಆದರ 'ರಜೆ ಕೊಟ್ಟರು' ಅಂದ್ರ ಯಾವ್ದು?

ಬದಿಯಡ್ಕ ಭಾವ, ಮೀರಾರೋಡ್
ಅದು ಮಳೆಗೆ ಬಿಟ್ಟದ್ದು! ಜೂನ್-ಜುಲೈ ಬಂದರೆ ಊರಿನ ಮಕ್ಕಳೆಲ್ಲ ರಾತ್ರಿ ಹತ್ತು ಗಂಟೆವರೆಗೆ ಜಿಲ್ಲಾಧಿಕಾರಿಯ ಮೆಸೇಜಿಗೆ ಕಾಯುತ್ತವೆ. ಅದು ಕೇಳಿದ್ದೂ ಅಲ್ಲ, ಇದ್ದದ್ದೂ ಅಲ್ಲ. ಕೊಟ್ಟದ್ದು.

ಠಾಣೆ ರಿಟೈರ್ಡ್
ಟೆಕ್ಕಿ ತಮ್ಮನ 'ಗುಲಾಮರ ಭಾಷೆ' ಮಾತಿಗೆ. ಭಾನುವಾರ ಕೇಳದೇ ಸಿಕ್ಕಿದ್ದು ಅಂದಿರಲ್ಲ, ಅದು ತಪ್ಪು. ಈ ಮುಂಬಯಿಯಲ್ಲೇ ಅದನ್ನು ಕೇಳಿ ತಗೊಂಡದ್ದು. ಪರೇಲ್, ಲಾಲ್‌ಬಾಗಿನ ಗಿರಣಿಗಳಲ್ಲಿ ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ಕೆಲಸ, ವಾರಕ್ಕೆ ಒಂದು ದಿನ ಬಿಡುವು ಅನ್ನುವುದೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ, ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, 1884ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿ ಸಾವಿರಾರು ಸಹಿಯ ಅರ್ಜಿ ಕೊಟ್ಟರು. ಮೊದಲ ಬೇಡಿಕೆಗಳಲ್ಲೇ ವಾರಕ್ಕೊಂದು ರಜೆ. ಆರು ವರ್ಷ ಎಳೆದಾಡಿ 1890ರ ಜೂನ್ 10ಕ್ಕೆ ಗಿರಣಿ ಮಾಲೀಕರು ಭಾನುವಾರ ಒಪ್ಪಿದರು. ಮಾರನೇ ವರ್ಷದ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರದ ರಜೆ ಕಾನೂನಾಗಿಯೇ ಬಂತು.

ಒಪ್ಪಿದರು, ನೋಡಿ. ರಾಜಿಯಾದರು. ಅಂದರೆ ಭಾನುವಾರ ಮೊದಲು ರಜಾ ಆಗಿತ್ತು, ಆಮೇಲೆ ಸುಟ್ಟಿ ಆಯಿತು. ನಮ್ಮ ಬ್ಯಾಂಕಿನ ಎರಡನೇ, ನಾಲ್ಕನೇ ಶನಿವಾರವೂ ಹಾಗೆಯೇ. ಯೂನಿಯನ್ನು ಎಷ್ಟೋ ವರ್ಷ ಕೇಳಿ, ಒಪ್ಪಂದವಾಗಿ, 2015ರ ಸೆಪ್ಟೆಂಬರ್ 1ರಿಂದ ಬಂತು. ಈಗಿನ ಹುಡುಗರು ಅದು ಪಂಚಾಂಗದಲ್ಲೇ ಇದ್ದದ್ದು ಅಂತ ತಿಳಿದಿದ್ದಾರೆ. ಎರಡಕ್ಕೂ ರಜೆ ಅನ್ನುವ ಕನ್ನಡದವನು ದಡ್ಡನಲ್ಲ ತಮ್ಮಾ.

ಕಲಬುರಗಿ ಹುಡುಗ, ವಾಶಿ
ಭಾನುವಾರನ ಯಾಕ ಬೇಕು ಅಂತ ಲೋಖಂಡೆಯವರು ಕೊಟ್ಟ ಕಾರಣ ಕೇಳೀರೇನ್ರಿ? ಐತವಾರ ಖಂಡೋಬನ ವಾರ ಅಂತ. ಖಂಡೋಬ ಅಂದ್ರ ಯಾರು? ನಮ್ಮ ಮೈಲಾರಲಿಂಗ! ನಮ್ಮನ್ಯಾಗ ಈಗೂ ಐತವಾರ ಭಂಡಾರ ಹಚ್ಕೊಂಡ ಮ್ಯಾಲೇ ಊಟ.

ಪುಣೆ ಅಕ್ಕ
ಕಥೀ ಭಾಳ ಛಲೋ ಅದ ಕಾಕಾ, ಆದರ ನಾ ಪೂರ್ತಿ ಸೋಲೂದಿಲ್ಲ. ಲೋಖಂಡೆ ಕೇಳಿದ್ದು ಮರಾಠಿಯೊಳಗ, ಮತ್ತ ಮರಾಠಿಯವರು ಅದನ್ನ ರವಿವಾರಚೀ ಸುಟ್ಟೀನ ಅಂದ್ರು. ಕನ್ನಡದಾಗ ಎರಡು ಕೂಡಿದ್ದು ಈ ಹೋರಾಟದ ನೆನಪಿಗಲ್ಲ, ಹಳೇ ಮೈಸೂರ ಕಡಿ ಸೂಟಿ ಅನ್ನೂ ಶಬ್ದನ ಇರಲಿಲ್ಲ ಅಂತ. ಒಂದ ಶಬ್ದ ಇದ್ದಾಂವ ಒಂದರಾಗ ಸಂಸಾರ ಮಾಡಿದ. ಕ್ರಿಯಾಪದದ ಮಾತ ಮಾತ್ರ ಪೂರ್ತಿ ಒಪ್ಪಿದೆ.

ಠಾಣೆ ರಿಟೈರ್ಡ್
ಅಷ್ಟು ಸಾಕು. ರಾಜಿ.

ಇಡ್ಲಿ ಕೌಂಟರ್, ವಿಲೇಪಾರ್ಲೆ
ಆ ಭಾನುವಾರ ನಮಗೆ ತಲುಪಲೇ ಇಲ್ಲ ಮಾರಾಯ್ರೆ. ನೀವೆಲ್ಲ ರಜೆ ಅಂತ ಮಸಾಲೆದೋಸೆ ತಿನ್ನಲು ಬರುವುದೇ ಅವತ್ತು. ನಾಳೆಯೂ ಭಾನುವಾರ, ಇಬ್ಬರು ಹುಡುಗರು ಈಗಲೇ ಫೋನ್ ಮಾಡಿದ್ದಾರೆ, ಒಬ್ಬನಿಗೆ ಜ್ವರ, ಇನ್ನೊಬ್ಬ ಸುಮ್ಮನೆ ದಾಂಡಿ. ಮಲಗುತ್ತೇನೆ.

ಅಚ್ಚಗನ್ನಡಿಗ
ಪುರುಸೊತ್ತು ನೋಡಿದೆ. ಫುರಸತ್ತೇ. ಬಿಡುವು ಉಳಿಯಿತಲ್ಲ.

ಬದಿಯಡ್ಕ ಭಾವ, ಮೀರಾರೋಡ್
ಉಳಿಯಿತು. ತಮಿಳರ 'ವಿಡುಮುರೈ'ಯ ವಿಡು ಕೂಡ ನಮ್ಮ ಬಿಡುವೇ. ಅದೂ ಸುಟ್ಟಿಯ ಹಾಗೆ ಬಿಡುಗಡೆಯ ಕುಲ. ಕೇಳಿ ತಗೊಳ್ಳುವ ಕುಲವಲ್ಲ.

ಡೊಂಬಿವಲಿ ಅಪ್ಪ
ಎಲ್ಲರಿಗೂ ಕೈ ಮುಗಿದೆ. ಮಗಳು ಪೂರ್ತಿ ಓದಿದಳು. 'ದಿವಾಳೀಚೀ ಸುಟ್ಟೀ' ಅಂತ ತಿದ್ದಿ ಐದು ಸಲ ಬರೆದಳು. ಈಗ ಹೊಸ ಸಮಸ್ಯೆ. ಕುಮಟೆಗೆ ಮತ್ಸ್ಯಗಂಧಾ ರೈಲಿನ ಟಿಕೆಟ್ ಸಿಕ್ಕಿರುವುದು ಶಾಲೆ ಬಿಡುವುದಕ್ಕೆ ಎರಡು ದಿನ ಮೊದಲಿನದು. ಆ ಎರಡು ದಿನಕ್ಕೆ ಚೀಟಿ ಬೇಕಲ್ಲ. ಅವಳೇ ಮರಾಠಿಯಲ್ಲಿ ಬರೆದಳು, ನಾನು ಸಹಿ ಮಾತ್ರ ಹಾಕಿದೆ: ದೀಪಾವಳಿಯ ಸುಟ್ಟಿಗೆ ಮೊದಲು ನನಗೆ ಎರಡು ದಿನ ರಜಾ ಕೊಡಬೇಕಾಗಿ ವಿನಂತಿ. ಎರಡೂ ಶಬ್ದ, ಎರಡೂ ಸರಿಯಾದ ಜಾಗದಲ್ಲಿ. ಬರೆದಾದ ಮೇಲೆ ಕಳೆದ ಅರ್ಧ ಮಾರ್ಕು ವಾಪಸು ಕೇಳಬಹುದಾ ಅಂದಳು. ಬೇಡ, ಮೊದಲು ಟೀಚರ್ ರಾಜಿ ಆಗಲಿ ಅಂದೆ.